ಗಾರೆ ಓಬಯ್ಯನ ಮುದ್ದೆ

ಸಿದ್ದಾಪುರದ ಗಾರೆ ಓಬಯ್ಯ ಮೂವತ್ತು ವರ್ಷದಲ್ಲಿ ಎಷ್ಟು ಗೋಡೆ ಎಬ್ಬಿಸಿದ್ದಾನೋ ಅವನಿಗೇ ಲೆಕ್ಕವಿಲ್ಲ. ಒಲೆ ಮುಂದೆ ಮಾತ್ರ ಒಂದು ದಿನ ಕೂತವನಲ್ಲ. ಅವನ ಹೆಂಡತಿ ಮುದ್ದಕ್ಕ ಕೂರಗೊಟ್ಟವಳೂ ಅಲ್ಲ. ಆದರೆ ಹೋದ ವಾರ ಆಕೆ ಬಚ್ಚಲ ಕಲ್ಲಿನ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಡಾಕ್ಟರು ಆರು ವಾರಕ್ಕೆ ಪ್ಲಾಸ್ಟರು ಹಾಕಿ ಕಳಿಸಿದರು. ಹೆಣ್ಣುಮಕ್ಕಳಿಬ್ಬರೂ ದೂರದ ಊರಲ್ಲಿ, ಗಂಡನ ಮನೆಯಲ್ಲಿ. ಇನ್ನು ಉಳಿದವನು ಯಾರು ಹೇಳಿ?

ಸುದ್ದಿ ತಿಳಿದದ್ದೇ ತಡ, ರಾಯದುರ್ಗದಿಂದ ಮುದ್ದಕ್ಕನ ಅಕ್ಕ ಪಾಪಕ್ಕನ ಫೋನು ಬಂತು.

“ಏಮಯ್ಯಾ ಓಬಯ್ಯ, ಗಾರೆ ಕಲಸೋ ಕೈಲಿ ಮುದ್ದೆ ಮಾಡಿದ್ರೆ ಅದನ್ನ ಗೋಡೆಗೆ ಮೆತ್ತಬೇಕು, ಉಣ್ಣಾಕಾಗಲ್ಲ. ಭಾನುವಾರ ಬರ್ತೀನಿ. ನೀನೇ ಮಾಡಿ ಬಡಿಸು. ಒಂದು ಗಂಟು ಸಿಕ್ರೂ ನನ್ನ ತಂಗೀನ ಕರ್ಕೊಂಡು ಹೋಗ್ತೀನಿ. ಕೈ ಕೂಡೋವರೆಗೂ ನಮ್ಮನೇಲೇ ಇರ್ತಾಳೆ.”

“ಆಗ್ಲಿ ಅಕ್ಕ” ಅಂದುಬಿಟ್ಟ ಓಬಯ್ಯ. ಅಂದ ಮೇಲೆ ತನ್ನ ಮುದ್ದೆ ನೆನಪಾಯಿತು. ನಾಲ್ಕು ದಿನದಿಂದ ಅವನು ತಿರುವಿದ ಮುದ್ದೆಯಲ್ಲಿ ಗೋಲಿ ಗಾತ್ರದ ಗಂಟುಗಳು. ಮುರಿದರೆ ಒಳಗೆ ಹಸಿ ಹಿಟ್ಟು ಹಾರುತ್ತಿತ್ತು. ಮುದ್ದಕ್ಕ ಪಾಪ, ಹಾಗೇ ನುಂಗುತ್ತಿದ್ದಳು. ಅವಳಿಗೆ ಅಕ್ಕನ ಮನೆಗೆ ಹೋಗುವ ಮನಸ್ಸಿರಲಿಲ್ಲ. ಅವನಿಗೋ, ಸಂಜೆ ಕೆಲಸದಿಂದ ಬಂದಾಗ ಈ ಮನೆಯಲ್ಲಿ ಅವಳಿಲ್ಲ ಅನ್ನುವುದನ್ನು ನೆನೆಸಿಕೊಂಡರೇ ಸಂಕಟವಾಗುತ್ತಿತ್ತು. ಬಾಯಿಬಿಟ್ಟು ಹೇಳುವ ಗಂಡಸಲ್ಲ, ಅಷ್ಟೇ.

ಭಾನುವಾರ ಬಂತು. ಗುಡ್ಡದ ಬಂಡೆಗಳ ಕಡೆಯಿಂದ ಬೀಸುವ ಗಾಳಿಗೆ ಒಂಬತ್ತು ಗಂಟೆಯಾದರೂ ಯಾರೂ ಹೊದ್ದದ್ದು ತೆಗೆದಿರಲಿಲ್ಲ. ಇಂಥ ಚಳಿಗೆ ಹುರುಳಿ ಕಟ್ಟಿನ ಸಾರೇ ಸೈ. ಓಬಯ್ಯ ಬೆಳಗಿನ ಜಾವವೇ ಹುರುಳಿ ಬೇಯಿಸಿ, ಕಾಳು ಬಸಿದು, ಬಸಿದ ನೀರನ್ನು ಸೀದಾ ಕೊಟ್ಟಿಗೆಗೆ ಒಯ್ದು ಎಮ್ಮೆಯ ಮುಂದೆ ಸುರಿದ. ಅವರಪ್ಪ ಎತ್ತುಗಳಿಗೆ ಹಾಗೇ ಹಾಕುತ್ತಿದ್ದುದನ್ನು ಕಂಡಿದ್ದನಲ್ಲ.

ಬಿಸಿಲು ಕಾಯಿಸಿಕೊಂಡು ಒಳಬಂದ ಮುದ್ದಕ್ಕ ಪಾತ್ರೆ ಇಣುಕಿ ನೋಡಿದಳು.

“ಕಟ್ಟು ಎಲ್ಲೈತೆ?”

“ಎಮ್ಮೆಗೆ ಹಾಕ್ದೆ. ಯಾಕೆ?”

“ಅಯ್ಯೋ ನಿನ್ನ. ಕಟ್ಟಿನ ಸಾರು ಅಂದ್ರೆ ಅದೇ ನೀರು ಕಣಯ್ಯ” ಎಂದು ಎಡಗೈ ಹಣೆಗೆ ಹಚ್ಚಿಕೊಂಡು ಕೂತಳು.

ಅಷ್ಟರಲ್ಲಿ ಪಾಪಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ದೊಡ್ಡದೊಂದು ಖಾಲಿ ಬ್ಯಾಗು. ತಂಗಿಯ ಸೀರೆ ತುಂಬಿಕೊಳ್ಳಲಿಕ್ಕೆ ಮನೆಯಿಂದಲೇ ತಂದಿದ್ದಳು, ಎಂಥ ಹೆಂಗಸು ನೋಡಿ. ಮಣೆ ಎಳೆದು ಒಲೆಯೆದುರೇ ಕೂತು, “ಮುದ್ದಿ, ನೀನು ಬಾಯಿ ಬಿಡಬ್ಯಾಡ” ಎಂದಳು.

ಕಲ್ಲು ಕಮ್ಮಿ ಬಿತ್ತೆಂದು ಓಬಯ್ಯ ಯಾವತ್ತೂ ಗೋಡೆ ಅರ್ಧಕ್ಕೆ ಬಿಟ್ಟು ಬಂದವನಲ್ಲ. ಬೆಂದ ಕಾಳಿನಲ್ಲೇ ಎರಡು ಹಿಡಿ ತೆಗೆದ. ಒಣಮೆಣಸಿನಕಾಯಿ ಹುರಿದ. ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಸೇರಿಸಿ ಒರಳಿಗೆ ಹಾಕಿ ನುಣ್ಣಗೆ ರುಬ್ಬಿ, ನೀರು ಬೆರೆಸಿ ಕುದಿಸಿ ಒಗ್ಗರಣೆ ಕೊಟ್ಟ. ಘಮ ಬೀದಿಗೆ ಹೋಯಿತು. ಪಾಪಕ್ಕ ಮೂಗು ಒರೆಸಿಕೊಂಡಳು.

ಆಮೇಲೆ ಮುದ್ದೆ. ಕುದಿಯುವ ನೀರಿಗೆ ರಾಗಿಹಿಟ್ಟು ಸುರಿದು, ರೂಢಿಯಂತೆ ಕೋಲು ಹಾಕಿ ತಿರುವಲು ಹೋದವನು ಹಾಗೇ ನಿಂತ. ಪಾತ್ರೆಯ ನಡುವೆ ಹಿಟ್ಟಿನ ಗುಡ್ಡೆ, ಸುತ್ತ ನೀರು. ಇದನ್ನು ದಿನಾ ನೋಡುತ್ತೇನಲ್ಲ ಅನ್ನಿಸಿತು. ಸಿಮೆಂಟಿಗೆ ನೀರು ಬಿಟ್ಟ ಕೂಡಲೇ ಸಲಿಕೆ ಹಾಕುವ ಆಳುಗಳಿಗೆ ಅವನು ಬೈಯುವುದು ಇದಕ್ಕೇ. ಒಳಗೆ ನೆನೆಯದೆ ಕಲಸಿದರೆ ಗಂಟಾಗದೆ ಇನ್ನೇನಾದೀತು. ಕೋಲಿನಿಂದ ಗುಡ್ಡೆಯ ನಡುವೆ ತೂತು ಮಾಡಿ, ಉರಿ ಸಣ್ಣ ಮಾಡಿ ಕೈಕಟ್ಟಿ ಕೂತ.

“ತಿರುವಯ್ಯ, ಯಾಕೆ ಸುಮ್ನೆ ಕೂತೆ?” ಎಂದಳು ಪಾಪಕ್ಕ. ಬೇಕೆಂದೇ ಕೆಣಕಿದ್ದು.

“ನೆನೀಲಿ ಅಕ್ಕ.”

ಮುದ್ದಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ತೂತಿನಿಂದ ನೀರು ಉಕ್ಕಿ ಹಿಟ್ಟೆಲ್ಲ ಬೆಂದ ಮೇಲೆ ಪಾತ್ರೆ ಇಳಿಸಿ, ಬಟ್ಟೆ ಸುತ್ತಿ ಎರಡೂ ಪಾದದಲ್ಲಿ ಅದುಮಿ ಹಿಡಿದ. ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವಿದ. ಆ ಚಳಿಯಲ್ಲೂ ಬೆನ್ನು ಬೆವೆತಿತು. ತಣ್ಣೀರು ಮುಟ್ಟಿದ ಕೈಯಲ್ಲಿ ಉಂಡೆ ಕಟ್ಟಿ ಮೂರು ತಟ್ಟೆಗೆ ಇಟ್ಟ.

ಪಾಪಕ್ಕ ಮುದ್ದೆಯನ್ನು ಸರಿಯಾಗಿ ನಡುವಿಗೆ ಮುರಿದಳು. ಬೆರಳಲ್ಲಿ ಹಿಸುಕಿದಳು. ಮತ್ತೆ ಮುರಿದಳು, ಮತ್ತೆ ಹಿಸುಕಿದಳು. ಒಂದು ಸಾಸಿವೆಯಷ್ಟು ಗಂಟಿಲ್ಲ. ಸಾರಿಗೆ ಅದ್ದಿ ನುಂಗಿ, “ಇದು ಕಟ್ಟಿನ ಸಾರಲ್ಲವಲ್ಲ” ಎಂದಳು.

“ಕಟ್ಟು ಎಮ್ಮೆ ಕುಡೀತು ಅಕ್ಕ.”

ಪಾಪಕ್ಕನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, “ಕುಡೀಲಿ ಬಿಡು, ಇದೇ ಚೆನ್ನಾಗೈತೆ. ಇನ್ನೊಂದು ಮುದ್ದೆ ಹಾಕು” ಎಂದಳು.

ಓಬಯ್ಯ ಹೆಂಡತಿಯ ಪಕ್ಕ ಕೂತು, ತುತ್ತು ಮುರಿದು ಸಾರಿಗೆ ಅದ್ದಿ ಅವಳ ಬಾಯಿಗೆ ಇಡುತ್ತಿದ್ದ. ಇಷ್ಟು ದಿನದ ಮೇಲೆ ಇವತ್ತು ತುತ್ತು ಸಲೀಸಾಗಿ ಇಳಿಯುತ್ತಿತ್ತು. ಅಕ್ಕನೆದುರು ನಾಚಿಕೆಯನ್ನೂ ಬಿಟ್ಟು ಮುದ್ದಕ್ಕ, “ಅಕ್ಕ, ನಾನು ಬರಲ್ಲ” ಎಂದಳು.

“ನಿನ್ನನ್ನ ಯಾರು ಕರೆದ್ರೀಗ?” ಎಂದು ಪಾಪಕ್ಕ ಖಾಲಿ ಬ್ಯಾಗನ್ನು ಓಬಯ್ಯನ ಕಡೆ ನೂಕಿದಳು. “ಡಬ್ಬೀಲಿ ಒಂದು ಮುದ್ದೆ ಹಾಕಿ ಇದ್ರಾಗಿಡು. ನಮ್ಮನೆ ಗಂಡಸಿಗೆ ತೋರಿಸ್ಬೇಕು.”