ದಾರ ಕಟ್ಟಿದ್ದ ಹಂಡೆ

ಮುಳಬಾಗಿಲಿನ ಪಾತ್ರೆ ಅಂಗಡಿಗೆ ನಾನು ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ. ಬಿ.ಕಾಂ. ಮುಗಿಸಿ, ಆರು ತಿಂಗಳು ಕೋಲಾರಕ್ಕೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತಿದ್ದೆ. ನಮ್ಮ ಮನೆಯಲ್ಲಿ ತಾತನ ಕಾಲದಿಂದಲೂ ಲೆಕ್ಕ ಬರೆಯುವವರೇ. ತಪ್ಪು ಕಂಡರೆ ಸುಮ್ಮನಿರುವ ಗುಣ ನನಗೂ ಬಂದಿರಲಿಲ್ಲ. ಆ ಅಂಗಡಿಯಲ್ಲಂತೂ ತಪ್ಪಿಗೆ ಬರವಿರಲಿಲ್ಲ.

ಮುಳಬಾಗಿಲಿನದು ದೊಡ್ಡಂಗಡಿ. ಶ್ರೀನಿವಾಸಪುರದಲ್ಲಿ ಒಂದು, ಮಾಲೂರಿನಲ್ಲಿ ಒಂದು ಚಿಕ್ಕಂಗಡಿ. ಸಂತೆಯಿಂದ ಸಂತೆಗೆ ತಿರುಗುವ ಒಂದು ವ್ಯಾನು, ದಿನವಿಡೀ ಬಡಿದುಕೊಳ್ಳುವ ಒಂದು ಫೋನು. ಇಷ್ಟೂ ಕಡೆಯಿಂದ ಮದುವೆ ಪಾತ್ರೆಗಳಿಗೆ ಆರ್ಡರು ಬರುತ್ತಿತ್ತು. ಫೋನಿನದು ಕ್ಯಾಲೆಂಡರಿನ ಹಿಂಬದಿಯಲ್ಲಿ, ವ್ಯಾನಿನದು ಡ್ರೈವರಿನ ಜೇಬಿನ ಚೀಟಿಯಲ್ಲಿ, ಅಂಗಡಿಗಳದು ಯಜಮಾನರ ತಲೆಯಲ್ಲಿ. ಒಂದೇ ಪಾತ್ರೆಯನ್ನು ಎರಡು ಮದುವೆ ಮನೆಗೆ ಒಪ್ಪಿಕೊಂಡು, ಮುಹೂರ್ತದ ಹಿಂದಿನ ದಿನ ಬೆಂಗಳೂರಿಗೆ ಓಡುವುದು ಮಾಮೂಲಾಗಿತ್ತು.

ಎಲ್ಲ ಆರ್ಡರನ್ನೂ ಒಂದೇ ಕಡೆ ತರುತ್ತೇನೆ ಎಂದು ಯಜಮಾನರ ಬೆನ್ನು ಬಿದ್ದೆ. ಕೋಲಾರದಲ್ಲಿ ನನಗೆ ಪಾಠ ಹೇಳಿದ್ದ ಮೇಷ್ಟ್ರು ಪ್ರೋಗ್ರಾಂ ಬರೆದುಕೊಟ್ಟರು. ಯಜಮಾನರು ಕಂಪ್ಯೂಟರ್ ತರಿಸಿದರು, ಜೊತೆಗೊಂದು ಷರತ್ತನ್ನೂ ಹಾಕಿದರು.

"ಈ ಮದುವೆ ಸೀಸನ್ ನೋಡೋಣಮ್ಮಾ. ಒಂದೇ ಒಂದು ಮದುವೆ ಮನೆಯೋರು ಬೇಜಾರು ಮಾಡ್ಕೊಂಡು ಹೋದ್ರೂ ಈ ಪೆಟ್ಟಿಗೆ ವಾಪಸ್ಸು. ನಿನ್ನ ಕೆಲಸಾನೂ ಅದರ ಜೊತೆಗೇ."

ಆಗಲಿ ಎಂದೆ. ಮಾಲೂರು, ಶ್ರೀನಿವಾಸಪುರದವರು ದಿನಾ ಸಾಯಂಕಾಲ ಫೋನಿನಲ್ಲಿ ತಮ್ಮ ಪಟ್ಟಿ ಓದಬೇಕು, ನಾನು ಕಂಪ್ಯೂಟರಿಗೆ ಹಾಕಿಕೊಳ್ಳಬೇಕು. ಗಿರಾಕಿಯ ಊರು, ಮನೆ, ಮನೆಯ ಗುರುತು ಇಲ್ಲದ ಆರ್ಡರು ಒಳಗೇ ಹೋಗದಂತೆ ಮಾಡಿಸಿದ್ದೆ. "ಹಂಡೆ ಕೊಳ್ಳೋಕೆ ಬಂದೋರ ಜಾತಕಾನೂ ಬರ್ಕೋಬೇಕೇನಮ್ಮಾ?" ಎಂದು ಮಾಲೂರಿನವನು ರೇಗಿಸುತ್ತಿದ್ದ. ಬರೆದುಕೊಳ್ಳಲೇಬೇಕು ಎನ್ನುತ್ತಿದ್ದೆ.

ನನಗೆ ಬಗ್ಗದೆ ಉಳಿದವರು ಒಬ್ಬರೇ, ದೊಡ್ಡಂಗಡಿಯ ಕೌಂಟರಿನಲ್ಲಿ ಮೂವತ್ತು ವರ್ಷದಿಂದ ಕೂತಿದ್ದ ಹಿರಿಯರು. ನಾನು ಅವರನ್ನು ಮಾಮ ಎನ್ನುತ್ತಿದ್ದೆ. ಗಡಿಯಾಚೆಯ ತೆಲುಗು ಊರಿನವರಾದ್ದರಿಂದ ಅವರು ನನ್ನನ್ನು ಹುಡುಗಿ ಎನ್ನುವ ಬದಲು ಅಮ್ಮಾಯಿ ಎಂದೇ ಕರೆಯುತ್ತಿದ್ದರು. ಯಾರಾದರೂ ಪಾತ್ರೆಯೊಂದನ್ನು ಆರಿಸಿ, ಮದುವೆ ಹತ್ತಿರವಾದಾಗ ಒಯ್ಯುತ್ತೇವೆ ಎಂದರೆ, ಅವರು ಅದರ ಹಿಡಿಗೆ ಒಂದು ಕೆಂಪು ದಾರ ಕಟ್ಟಿ ಮೂಲೆಗಿಡುತ್ತಿದ್ದರು. ಯಾರ ದಾರ ಯಾವುದು ಎಂಬುದು ಅವರೊಬ್ಬರಿಗೇ ಗೊತ್ತು. ಅವರು ಒಂದು ದಿನ ಜ್ವರ ಬಂದು ಮಲಗಿದರೆ ಅಂಗಡಿಯೇ ಮಲಗುತ್ತಿತ್ತು.

ಕಂಪ್ಯೂಟರ್ ಬಂದ ಮೊದಲ ದಿನವೇ ಅವರನ್ನು ಕೂರಿಸಿಕೊಂಡು ದಾರ ಕಟ್ಟಿದ್ದೆಲ್ಲ ಯಾರದೆಂದು ಕೇಳಿ ಬರೆದುಕೊಂಡೆ. ಸುಗಟೂರು, ತಾಮ್ರದ ಹಂಡೆ, ಒಂದು. ವಕ್ಕಲೇರಿ, ಹಿತ್ತಾಳೆ ಬಿಂದಿಗೆ, ಎರಡು. ಹೀಗೇ ಪುಟ ತುಂಬಿತು. ಬರೆದು ಮುಗಿಸಿ, "ಇನ್ನು ದಾರ ಯಾಕೆ ಮಾಮ, ತೆಗೆದುಬಿಡೋಣ" ಎಂದೆ. ಅವರು ತಮ್ಮ ಡ್ರಾಯರಿನಿಂದ ಕತ್ತರಿ ತೆಗೆದು ನನ್ನ ಕೈಗಿಟ್ಟರು.

"ನೀನೇ ಕತ್ತರಿಸು ಅಮ್ಮಾಯಿ."

ಒಂದೊಂದಾಗಿ ಕತ್ತರಿಸಿದೆ. ಏನೋ ದೊಡ್ಡ ಕೆಲಸ ಮಾಡಿದವಳಂತೆ ಬೀಗಿದೆ ಕೂಡ.

ಎರಡು ತಿಂಗಳು ಎಲ್ಲವೂ ನೆಟ್ಟಗೆ ನಡೆಯಿತು. ಒಂದು ಸೋಮವಾರ ಸುಗಟೂರಿನ ಹೆಂಗಸು ಬಂದರು. ಭಾನುವಾರ ಮಗಳ ಮದುವೆ. ಕಂಪ್ಯೂಟರಿನಲ್ಲಿ ಅವರ ಹೆಸರಿಗೆ ಒಂದು ಹಂಡೆ ಇತ್ತು, ಮೂಲೆಯಲ್ಲಿ ಅದೇ ಅಳತೆಯವು ಮೂರಿದ್ದವು. ಒಂದನ್ನು ತಂದು ಮುಂದಿಟ್ಟೆ. ಅವರು ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ ಕಿವಿಗೊಟ್ಟರು.

"ಇದು ನಮ್ಮದಲ್ಲ."

ಇನ್ನೊಂದನ್ನು ತಂದೆ. ಅದೂ ಅಲ್ಲ. ಮೂರನೆಯದೂ ಅಲ್ಲ. ಎಲ್ಲ ಒಂದೇ ತೂಕ, ಒಂದೇ ಅಳತೆ ಎಂದು ನಾನು ಹೇಳಹೊರಟಾಗ ಅವರ ಕಣ್ಣು ತುಂಬಿತ್ತು.

"ನಮ್ಮಮ್ಮನ ಮನೇಲಿ ಇದ್ದ ಹಂಡೆ ಹಂಗೇ ಮಾತಾಡ್ತಿತ್ತು ಕಣಮ್ಮಾ. ಅವತ್ತು ಇಲ್ಲಿ ಹತ್ತು ಹಂಡೆ ತಟ್ಟಿ ನೋಡಿ ಅದನ್ನ ಇಡಿಸಿದ್ದೆ. ನನ್ನ ಮಗಳಿಗೆ ಅದೇ ಬೇಕು."

ಆಗ ತಿಳಿಯಿತು. ಕೈಯಲ್ಲಿ ಬಡಿದು ಮಾಡಿದ ತಾಮ್ರ, ಒಂದರ ದನಿ ಇನ್ನೊಂದಕ್ಕಿರುವುದಿಲ್ಲ. ಮಾಮ ದಾರ ಕಟ್ಟುತ್ತಿದ್ದದ್ದು ಯಾವುದೋ ಒಂದು ಹಂಡೆಗಲ್ಲ, ಗಿರಾಕಿ ತಟ್ಟಿ ಆರಿಸಿದ ಆ ಹಂಡೆಗೇ. ನಾನು ಬರೆದುಕೊಂಡದ್ದು ಎಷ್ಟು ಎಂಬುದನ್ನು ಮಾತ್ರ. ಹಿಂದಿನ ವಾರ ಮಾಲೂರಿನಿಂದ ಒಂದು ಹಂಡೆ ಬೇಕೆಂದಾಗ ನಾಲ್ಕರಲ್ಲಿ ಒಂದನ್ನು ವ್ಯಾನಿಗೆ ಹಾಕಿಸಿದವಳೂ ನಾನೇ. ಲೆಕ್ಕ ಸರಿಯಾಗಿಯೇ ಇತ್ತು, ಹಂಡೆ ಮಾತ್ರ ಬೇರೆಯವರ ಮನೆ ಸೇರಿತ್ತು.

ಯಜಮಾನರು ಬೆಲೆ ಇಳಿಸುತ್ತೇನೆಂದರು. ಆಕೆ ಒಪ್ಪಲಿಲ್ಲ, ಗುರುವಾರ ಬರ್ತೀನಿ ಎಂದು ಎದ್ದು ಹೋದರು. ಯಜಮಾನರು ನನ್ನ ಕಡೆ ನೋಡಿ, "ಗುರುವಾರದವರೆಗೆ ಟೈಮಿದೆ" ಎಂದಷ್ಟೇ ಹೇಳಿದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು ಬಂತು. ಮಾಮನನ್ನು ಜೊತೆಗೆ ಬನ್ನಿ ಎಂದು ಕರೆದೆ.

"ನೀನು ಕತ್ತರಿಸಿದ ದಾರ. ನೀನೇ ಹುಡುಕು" ಎಂದರು.

ಹುಡುಕಿಯೇ ತೀರುತ್ತೇನೆ ಎಂದುಕೊಂಡೆ. ಕಂಪ್ಯೂಟರ್ ತೆರೆದರೆ ಮಾಲೂರಿನವನು ಗೊಣಗಿಕೊಂಡೇ ಓದಿದ್ದ ಜಾತಕ ಅಲ್ಲಿತ್ತು: ಲಕ್ಕೂರು, ಡೈರಿ ಹಿಂದಿನ ಹೊಸ ಮನೆ. ಮಾರನೆಯ ಬೆಳಿಗ್ಗೆ ಉಳಿದ ಮೂರರಲ್ಲಿ ಒಂದನ್ನು ಬದಲಿಗೆ ಕೊಡಲೆಂದು ಮಡಿಲಲ್ಲಿಟ್ಟುಕೊಂಡು ಕೋಲಾರದ ಬಸ್ಸು ಹತ್ತಿದೆ. ಮಡಿಲಲ್ಲಿ ಹಂಡೆ ಇದ್ದರೆ ನಮ್ಮ ಕಡೆ ಹೆಂಗಸರ ಕೈ ಸುಮ್ಮನಿರುತ್ತದೆಯೇ? ಮುಂದಿನ ಸೀಟಿನವರು ತಟ್ಟಿದರು, ಪಕ್ಕದವರು ತಟ್ಟಿದರು, ಕೋಲಾರದಲ್ಲಿ ಇಳಿಯುವಷ್ಟರಲ್ಲಿ ಅರ್ಧ ಬಸ್ಸೇ ತಟ್ಟಿತ್ತು. ಒಬ್ಬರಿಗೆ ದನಿ ಚೆನ್ನಾಗಿದೆ, ಇನ್ನೊಬ್ಬರಿಗೆ ಸ್ವಲ್ಪ ಮಂಕು. ಇಷ್ಟು ದಿನ ಇದನ್ನು ಕೇಳಿಸಿಕೊಳ್ಳದೆ ಇದ್ದ ನನ್ನ ಕಿವಿಗೆ ಏನಾಗಿತ್ತೋ.

ಲಕ್ಕೂರಿನ ಮನೆಯ ಬಚ್ಚಲಲ್ಲಿ ಹಂಡೆ ಆಗಲೇ ಒಲೆಯೇರಿತ್ತು. ಅರಿಶಿನ ಕುಂಕುಮ ಹಚ್ಚಿ ನೀರು ತುಂಬಿಸಿದ್ದರು, ಬೆಂಕಿ ಇನ್ನೂ ಹಾಕಿರಲಿಲ್ಲ. ಬಗ್ಗಿ ನೋಡಿದೆ. ಹಿಡಿಯ ಸಂದಿಯಲ್ಲಿ ನನ್ನ ಕತ್ತರಿಗೆ ಸಿಗದ ಕೆಂಪು ದಾರದ ತುಣುಕೊಂದು ಉಳಿದುಕೊಂಡಿತ್ತು.

ಆ ಮನೆಯ ಅಜ್ಜಿ ಸುಲಭಕ್ಕೆ ಒಪ್ಪಲಿಲ್ಲ. "ಪೂಜೆ ಮಾಡಿದ್ದನ್ನ ಒಲೆ ಮೇಲಿಂದ ಇಳಿಸಾದು ಹೆಂಗಮ್ಮಾ?"

ಏನನ್ನೂ ಮುಚ್ಚಿಡದೆ ಹೇಳಿದೆ. ತಪ್ಪು ಅಂಗಡಿಯದಲ್ಲ ನನ್ನದು, ಭಾನುವಾರ ಮದುವೆ, ಆ ತಾಯಿಗೆ ತನ್ನ ತಾಯಿಯ ಮನೆಯ ದನಿ ಬೇಕು. ಕೊನೆಗೆ ಅಜ್ಜಿ ನೀರು ಚೆಲ್ಲಿಸಿ ಎರಡೂ ಹಂಡೆಗಳನ್ನು ಅಂಗಳಕ್ಕೆ ತರಿಸಿದರು. ಇದನ್ನು ತಟ್ಟಿದರು, ಅದನ್ನು ತಟ್ಟಿದರು, ಮತ್ತೆ ಇದನ್ನು ತಟ್ಟಿದರು.

"ನನ್ನ ಕೇಳಿದ್ರೆ ನೀನು ತಂದಿರಾದೇ ವಾಸಿ ಐತೆ. ಇದು ಇಲ್ಲೇ ಇರ್ಲಿ, ಅದನ್ನ ತಗೊಂಡೋಗು."

ಗುರುವಾರ ಸುಗಟೂರಿನವರು ಬಂದರು. ನಾನು ಹಂಡೆ ಮುಂದಿಟ್ಟೆ. ತಟ್ಟಿದರು. ದನಿ ಅಡಗುವವರೆಗೂ ಕಾದು, ಸೆರಗಿನಿಂದ ಕಣ್ಣೊರೆಸಿಕೊಂಡು, "ಹೂಂ, ಇದೇ" ಎಂದರು.

ಆಕೆ ಹೋದ ಮೇಲೆ ಯಜಮಾನರು ಮಾಮನ ಕಡೆ ತಿರುಗಿದರು. "ಏನ್ ಮಾಡೋಣ? ಪೆಟ್ಟಿಗೆ ಇರ್ಲಾ, ಹೋಗ್ಲಾ?"

ನನ್ನ ಕೆಲಸ ಈಗ ಮಾಮನ ಬಾಯಲ್ಲಿತ್ತು. ನನ್ನನ್ನು ಕಳಿಸಿಬಿಡಲು ಅವರಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಮಾಮ ಡ್ರಾಯರಿನಿಂದ ಕೆಂಪು ದಾರದ ಉಂಡೆ ತೆಗೆದು, ಬೆಳಿಗ್ಗೆಯಷ್ಟೇ ಯಾರೋ ಆರಿಸಿಟ್ಟು ಹೋಗಿದ್ದ ಹಂಡೆಯೊಂದನ್ನು ಹತ್ತಿರ ಎಳೆದುಕೊಂಡರು.

"ಅಮ್ಮಾಯಿ, ಇದು ನಿನ್ನ ಪೆಟ್ಟಿಗೇಲಿ ಎಷ್ಟನೇ ನಂಬರು?"

ನಂಬರು ಹೇಳಿದೆ. ಅವರು ಅದನ್ನು ರಟ್ಟಿನ ಚೂರೊಂದರ ಮೇಲೆ ದಪ್ಪಗೆ ಬರೆದು, ದಾರಕ್ಕೆ ಪೋಣಿಸಿ, ಹಿಡಿಗೆ ಎರಡು ಗಂಟು ಹಾಕಿ ಕಟ್ಟಿದರು. ಕತ್ತರಿಯನ್ನು ಮಾತ್ರ ಡ್ರಾಯರಿನೊಳಗಿಟ್ಟು ಬೀಗ ಹಾಕಿಕೊಂಡರು.