ಸೈಕಲ್ ಕಲಿಸುವಾಗ ಕೇಳಿದ ದನಿ

ಐವತ್ತರ ದಶಕದ ನಡುವಿನಲ್ಲಿ ನಾನು ರಾಮದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಹಳ್ಳಿಯ ಹೆಂಗಸರಿಗೆ ಬಾಣಂತನದ ಆರೈಕೆ, ಕೂಸಿನ ಅಂಗಿ ಹೊಲಿಯುವುದು, ಹೊಗೆಯಿಲ್ಲದ ಒಲೆ ಕಟ್ಟುವುದು ಇವನ್ನೆಲ್ಲ ಹೇಳಿಕೊಡಲು ಆಗ ಸರಕಾರ ಗ್ರಾಮಸೇವಿಕೆಯರನ್ನು ನೇಮಿಸಿಕೊಳ್ಳುತ್ತಿತ್ತು. ಊರಿಂದೂರಿಗೆ ಓಡಾಡಬೇಕಾದ್ದರಿಂದ ಅವರಿಗೆ ಸೈಕಲ್ ಬರಬೇಕಿತ್ತು. ಊರಲ್ಲಿ ಸೈಕಲ್ ಬಲ್ಲ ಹೆಂಗಸು ಯಾರೆಂದು ಹುಡುಕಿದ ಅಧಿಕಾರಿಗಳು, ಶಾಲೆಯಲ್ಲಿ ವಿಚಾರಿಸಿ ನನ್ನ ಹತ್ತಿರ ಬಂದರು. ಒಪ್ಪಿಕೊಂಡೆ.

ನನಗೆ ಸೈಕಲ್ ಕಲಿಸಿದವರು ಅಪ್ಪ. ಬೈಲಹೊಂಗಲದ ನಮ್ಮ ಮನೆಯ ಹಿತ್ತಲಲ್ಲಿ, ಹುಣಸೆಮರದ ಸುತ್ತ. ಹಿತ್ತಲ ಬಾಗಿಲು ದಾಟಿ ಬೀದಿಗಿಳಿಯುವ ಹಾಗಿರಲಿಲ್ಲ. ಅದು ಸೋದರತ್ತೆಯ ಕಟ್ಟಪ್ಪಣೆ. ಎಳೆವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಆಕೆ. ನಾನು ಖುಷಿಯಲ್ಲಿ ನಕ್ಕರೆ ಸಾಕು, ಒಳಗಿನಿಂದಲೇ ಕೂಗುತ್ತಿದ್ದಳು: “ಹಲ್ಲು ಕಿಸೀಬ್ಯಾಡ. ನಾಕು ಮಂದಿ ನೋಡತಾರ.” ಅಪ್ಪ ತೀರಿಕೊಂಡ ಮೇಲೆ ನನ್ನ ಜೊತೆ ರಾಮದುರ್ಗಕ್ಕೆ ಬಂದು ಮನೆ ನಡೆಸಿದವಳೂ ಆಕೆಯೇ.

ಸಂಜೆ ಶಾಲೆ ಬಿಟ್ಟ ಮೇಲೆ, ಕಟ್ಟಡದ ಹಿಂದಿನ ಬಯಲಿನಲ್ಲಿ ಕಲಿಸುತ್ತಿದ್ದೆ. ಆ ಬಯಲಿಗೆ ಸುತ್ತಲೂ ಎತ್ತರದ ಗೋಡೆಯಿತ್ತು. ಅದಕ್ಕೇ ಆ ಜಾಗ ಆರಿಸಿದ್ದೆ.

ಕಲಿಯಲು ಬಂದವರಲ್ಲಿ ಉಗರಗೋಳದ ಕಡೆಯ ಒಕ್ಕಲುತನದ ಮನೆಯವಳು ಒಬ್ಬಳಿದ್ದಳು. ಸೀರೆಗೆ ಗಟ್ಟಿಯಾಗಿ ಕಚ್ಚೆ ಹಾಕಿಕೊಂಡು ಬರುತ್ತಿದ್ದಳು. ಬಿದ್ದರೆ ಬಿದ್ದಲ್ಲೇ ಕೂತು ಗೋಡೆಯಾಚೆಗೆ ಕೇಳುವ ಹಾಗೆ ನಗುತ್ತಿದ್ದಳು. ಅವಳನ್ನು ನೋಡಿ ಉಳಿದವರೂ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸವದತ್ತಿಯಿಂದ ಬಂದ ಇನ್ನೊಬ್ಬಳು ತೀರ ಅಂಜುಬುರುಕಿ. ನಾನು ಸೀಟಿನ ಮೇಲಿಂದ ಕೈ ತೆಗೆದರೆ “ಅಕ್ಕಾರ, ಬಿಡಬ್ಯಾಡ್ರಿ, ಬಿಡಬ್ಯಾಡ್ರಿ” ಎಂದು ಅಳುವ ದನಿ ಮಾಡುತ್ತಿದ್ದಳು. ಅವಳ ಮೇಲೆ ಮಾತ್ರ ನನಗೆ ಎಂದೂ ಸಿಟ್ಟು ಬರಲಿಲ್ಲ. ಬೆನ್ನು ನೋಯುವವರೆಗೆ ಸೀಟು ಹಿಡಿದು ಅವಳ ಹಿಂದೆ ಓಡುತ್ತಿದ್ದೆ. ಅದನ್ನು ನಾನು ತಾಳ್ಮೆ ಎಂದುಕೊಂಡಿದ್ದೆ.

ಒಂದು ಸಂಜೆ ಆ ನಗುವವಳು ಕೇಳಿದಳು. “ಅಕ್ಕಾರ, ನಾಳೆ ಪ್ಯಾಟ್ಯಾಗ ಸೈಕಲ್ ಹೊಡಿಯೂಣ್ರಿ. ನಾವು ಹೋಗೂ ದಾರ್ಯಾಗೆಲ್ಲ ಹಿಂಗ ಗ್ವಾಡಿ ಇರತಾವೇನ್ರಿ?”

“ಮೊದಲ ಬಾಯಿ ಮುಚಕೊಂಡು ಹೊಡಿಯೂದು ಕಲಿ” ಎಂದೆ. “ಹಲ್ಲು ಕಿಸೀಬ್ಯಾಡ. ನಾಕು ಮಂದಿ ನೋಡತಾರ.”

ಅವಳ ನಗು ನಿಂತಿತು. ಸೀರೆಯ ಮಣ್ಣು ಕೊಡವಿಕೊಂಡು ಮೆಲ್ಲಗೆ ಅಂದಳು. “ನೀವು ಪ್ಯಾಟ್ಯಾಗ ಹೊಡದದ್ದು ನಾವ್ಯಾರೂ ನೋಡೇ ಇಲ್ರಿ, ಅಕ್ಕಾರ.”

ಕೊಂಕಿನ ಮಾತಲ್ಲ ಅದು. ಇದ್ದದ್ದನ್ನೇ ಹೇಳಿದ್ದಳು. ನಾನು ಎಂದಿನಂತೆ ಸೈಕಲ್ ತಳ್ಳಿಕೊಂಡು ಸಂದಿಯ ದಾರಿ ಹಿಡಿದು ಮನೆಗೆ ಬಂದೆ.

ಅತ್ತೆ ಒಲೆಯ ಮುಂದೆ ಕೂತು ಜೋಳದ ಭಕ್ಕರಿ ಬಡಿಯುತ್ತಿದ್ದಳು. ಆ ಹುಡುಗಿಯ ಉದ್ಧಟತನವನ್ನೂ ನಾನು ಬೈದದ್ದನ್ನೂ ಒಂದೇ ಉಸಿರಿಗೆ ಹೇಳಿದೆ. ಅತ್ತೆ ನಕ್ಕಳು.

“ಆ ಮಾತು ನಂದಲ್ಲೇನು? ನಿನ್ನ ಬಾಯಾಗ ಯಾವಾಗ ಬಂತು?”

“ಹೌದು ಅತ್ಯಾ, ನೀವ ಕಲಿಸಿದ್ದು. ಏನು ತಪ್ಪದ ಅದರಾಗ?”

“ತಪ್ಪೋ ಸರಿಯೋ ನನಗ ತಿಳೀದು. ನೀ ಹುಣಸೀಗಿಡದ ಸುತ್ತ ಗರಗರ ತಿರಗೂದು ನೋಡಿ ನನ್ನ ಹೊಟ್ಟಿ ಉರೀತಿತ್ತು. ನನಗ ಯಾರೂ ಕಲಿಸಲಿಲ್ಲಲಾ. ಹೊಟ್ಟಿ ಉರೀತದ ಅಂತ ಹೆಂಗ ಹೇಳೂದು? ಅದಕ್ಕ ಮಂದಿ ನೋಡತಾರ ಅಂತಿದ್ದೆ.”

ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವಷ್ಟು ಸಲೀಸಾಗಿ ಹೇಳಿ ಆಕೆ ಹಂಚಿನ ಮೇಲಿನ ಭಕ್ಕರಿ ತಿರುವಿದಳು.

ನಾನು ಎದ್ದು ಹಿತ್ತಲ ತುಳಸಿಕಟ್ಟೆಯ ಹತ್ತಿರ ಕೂತೆ. ಅಪ್ಪ ಬದುಕಿದ್ದಾಗ ದೀಪ ಹಚ್ಚುವ ಹೊತ್ತಿಗೆ ಕಣ್ಣು ಮುಚ್ಚಿ ಆ ದಿನದ ನಡವಳಿಕೆಯನ್ನು ನೆನೆಸಿಕೊಳ್ಳುತ್ತಿದ್ದರು. ಆ ರೂಢಿ ನನಗೂ ಬಂದಿತ್ತು. ಆದರೆ ನಾನು ನೆನೆಸಿಕೊಳ್ಳುತ್ತಿದ್ದದ್ದು ಬೇರೆಯವರ ನಡವಳಿಕೆಯನ್ನು. ಅಂದು ಮೊದಲ ಬಾರಿಗೆ ನನ್ನನ್ನೇ ಕೇಳಿಕೊಂಡೆ: ನನ್ನ ಹೊಟ್ಟೆ ಯಾಕೆ ಉರಿಯಿತು? ಆ ಹುಡುಗಿಯಲ್ಲಿ ಇರುವುದೇನು, ನನಗೆ ಬೇಕಾಗಿದ್ದದ್ದೇನು?

ಉತ್ತರ ದೂರವಿರಲಿಲ್ಲ. ನನಗೂ ಹಾಗೆ ಬಾಯ್ತುಂಬ ನಗಬೇಕಿತ್ತು. ನಾಲ್ಕು ಮಂದಿ ನೋಡುವ ಹಾಗೆ, ನೋಡಲಿ ಎಂದೇ, ಪೇಟೆಯ ನಡುವೆ ಸೈಕಲ್ ಹೊಡೆಯಬೇಕಿತ್ತು. ಆ ಆಸೆಗೆ ಚಪಲವೆಂದು ಹೆಸರಿಟ್ಟು ಎಷ್ಟೋ ವರ್ಷ ಒಳಗೆ ಕೂಡಿಹಾಕಿದ್ದೆ. ನಾಚಿಕೆಯಾಗಬೇಕಿತ್ತೇನೋ, ಆಗಲಿಲ್ಲ. ಮುಳ್ಳು ಚುಚ್ಚಿದ್ದು ಎಲ್ಲಿ ಎಂದು ಗೊತ್ತಾದ ಕೂಡಲೇ ಅರ್ಧ ನೋವು ಇಳಿಯುತ್ತದಲ್ಲ, ಹಾಗಾಯಿತು. ಒಳಗೆ ಹೋಗಿ ಎರಡು ಭಕ್ಕರಿ ಹೆಚ್ಚೇ ತಿಂದೆ.

ಮರುದಿನ ಎಲ್ಲರನ್ನೂ ಕೂಡಿಸಿಕೊಂಡು ಆ ಹುಡುಗಿಗೆ ಹೇಳಿದೆ. “ನಿನ್ನೆ ಬೈದದ್ದು ನಿನ್ನ ತಪ್ಪಿಗಲ್ಲ. ಅಂಜಿಕಿ ನಂದು. ನಾನೂ ಇವತ್ತಿನ ತನಕ ಪ್ಯಾಟ್ಯಾಗ ಹೊಡದಿಲ್ಲ.”

ಅವಳು ಕಚ್ಚೆ ಬಿಗಿದುಕೊಂಡಳು. “ಹಂಗಾರ ನಡೀರಿ ಅಕ್ಕಾರ, ಈಗ ಹೊಡಿಯೂಣು. ನಾ ಹಿಂದ ಬರತೇನಿ.”

ಹೊರಟೆವು. ಕಿರಾಣಿ ಅಂಗಡಿಯವರು ತಕ್ಕಡಿ ಎತ್ತಿದವರು ಹಾಗೆಯೇ ನಿಂತರು. ಯಾರೋ “ಸರೀರಿ, ಸರೀರಿ, ಸಾಲಿ ಅಕ್ಕಾರ ಬಂದ್ರು” ಎಂದು ಕೂಗಿದರು. ಅಷ್ಟರಲ್ಲಿ ಒಂದು ಎಮ್ಮೆ ಅಡ್ಡ ಬಂತು. ಬ್ರೇಕು ಹಿಡಿದೆ, ಹ್ಯಾಂಡಲ್ ಹೊರಳಿತು, ಮಾರಾಟಕ್ಕೆ ತಂದಿಟ್ಟ ಹಸಿ ಮೇವಿನ ರಾಶಿಯ ಮೇಲೆ ಬಿದ್ದೆ. ಹುಟ್ಟಿದಾಗಿನಿಂದ ಅಂಜಿದ್ದ ಗಳಿಗೆ ಅದು. ನಾಲ್ಕಲ್ಲ, ನಲವತ್ತು ಮಂದಿ ನೋಡುತ್ತಿದ್ದರು. ಮೇವು ಮಾರುವವಳು ಕೈ ಹಿಡಿದು ಎಬ್ಬಿಸುತ್ತ “ಪೆಟ್ಟಾತೇನ್ರೆವ್ವಾ?” ಎಂದಳು. ಇಲ್ಲ ಎನ್ನಲು ಬಾಯಿ ತೆರೆದರೆ ನಗು ಬಂತು, ನಿಲ್ಲಲೇ ಇಲ್ಲ. ಎಮ್ಮೆ ಮಾತ್ರ ಅಲ್ಲೇ ನಿಂತಿತ್ತು.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದಳು. “ಪ್ಯಾಟಿಗೇ ಹೋಗಿದ್ದೆಲಾ, ಹಂಗ ಒಂದು ಸಿವುಡು ಕೊತ್ತಂಬರಿ ತರಬಾರದೇನು?” ಎಂದಳು, ಅಷ್ಟೇ.

ಆ ವಾರವೇ ಸವದತ್ತಿಯವಳ ಸೀಟು ಬಿಟ್ಟೆ. ಅವಳ ಅಂಜಿಕೆ ನನಗೆ ಹಿತವಾಗಿತ್ತೆಂದು ಅಷ್ಟರಲ್ಲಿ ಗೊತ್ತಾಗಿತ್ತು. ನಾನಿಲ್ಲದೆ ನಡೆಯುವುದಿಲ್ಲ ಎನ್ನುವವರು ಒಬ್ಬರಾದರೂ ಇರಲಿ ಎಂದು ನಾನೇ ಹಿಡಿದುಕೊಂಡಿದ್ದೆ. “ಹಿಡಿದಿಲ್ಲ. ನಿನ್ನ ಬಾಜೂ ಓಡಲಿಕ್ಕೆ ಹತ್ತೀನಿ, ನೋಡು” ಎಂದೆ. ನೋಡಿದಳು, ಬಿದ್ದಳು, ಅತ್ತಳು, ಮತ್ತೆ ಹತ್ತಿದಳು. ಮುಂದೆ ಅವಳಿಗೆ ಮುನವಳ್ಳಿ ಸುತ್ತಿನ ಹಳ್ಳಿಗಳು ಸಿಕ್ಕವು. ಒಬ್ಬಳೇ ಹೋಗಿ ಬರುತ್ತಿದ್ದಳು.

ಸಿಟ್ಟು ಆಮೇಲೂ ಬಂತು. ಕಿತ್ತೂರಿಗೆ ಕಲಿಸಲು ಹೋದಾಗ ದಿನಾ ತಡಮಾಡಿ ಬರುವವಳೊಬ್ಬಳಿದ್ದಳು. ಸಂಜೆ ಕೂತು ಇದರಲ್ಲಿ ನನ್ನದೇನಿದೆ ಎಂದು ಹುಡುಕಿದೆ. ಏನೂ ಸಿಗಲಿಲ್ಲ. ಅವಳು ಬರುವುದೇ ತಡವಾಗಿತ್ತು, ಅಷ್ಟೇ. ಮರುದಿನ ದನಿ ಏರಿಸದೆ ಅದನ್ನೇ ಹೇಳಿದೆ. ಅವಳೂ “ಹೌದ್ರಿ ಅಕ್ಕಾರ” ಎಂದಳು, ಅಂದಿನಿಂದ ಹೊತ್ತಿಗೆ ಸರಿಯಾಗಿ ಬಂದಳು.