ಮೂರು ಕೈಗಳ ಲಾಂಛನ

ನಂತೂರಿನ ಹತ್ತಿರ ನನ್ನದೊಂದು ಫ್ಲೆಕ್ಸ್ ಅಂಗಡಿ. ಮದುವೆ, ಭೂತದ ನೇಮ, ಚರ್ಚಿನ ಹಬ್ಬ, ಉರೂಸ್, ಶ್ರದ್ಧಾಂಜಲಿ, ಯಾವುದಕ್ಕೂ ಇಲ್ಲ ಎಂದವನಲ್ಲ. ನಾನು ಮುದ್ರಿಸಿದ್ದಕ್ಕೆ ಕಬ್ಬಿಣದ ಫ್ರೇಮ್ ಮಾಡಿಕೊಡುತ್ತಿದ್ದವನು ಬೈಕಂಪಾಡಿಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿದ್ದ ಬ್ಯಾರಿ ಮುಸ್ಲಿಂ ಗೆಳೆಯ. ಇಪ್ಪತ್ತು ವರ್ಷಗಳಲ್ಲಿ ನಾವು ಜಗಳವಾಡಿದ್ದು ಅಳತೆಯ ವಿಷಯಕ್ಕೆ ಮಾತ್ರ.

ನಮ್ಮ ವಾರ್ಡಿನಲ್ಲಿ ಧರ್ಮದ ಹೆಸರಿನಲ್ಲಿ ಒಂದು ಕೊಲೆಯಾಯಿತು. ಆ ವಾರವಿಡೀ ಅವನು ಬರಲಿಲ್ಲ, ನಾನೂ ಫೋನು ಮಾಡಲಿಲ್ಲ. ಏನು ಮಾತಾಡುವುದೆಂದೇ ತಿಳಿಯಲಿಲ್ಲ. ಇವನನ್ನು ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆ ಹುಟ್ಟಿದ್ದು ಆಗ. ಊರಿನ ಹಿರಿಯರು ಸೇರಿ ಶಾಂತಿ ಸಮಿತಿ ಕಟ್ಟಿ, ಲಾಂಛನ ಮಾಡಿಕೊಡು ಎಂದಾಗ ಅದಕ್ಕೇ ಒಪ್ಪಿಕೊಂಡೆ.

ಲಾಂಛನ ಎಂದರೆ ಎಲ್ಲರಿಗೂ ಬಾಯಿ. ಹಸಿರು ಹಾಕಿದರೆ ಅವರದ್ದು, ಕೇಸರಿ ಹಾಕಿದರೆ ಇವರದ್ದು, ಪಾರಿವಾಳ ಬರೆದರೆ ಚರ್ಚಿನದ್ದು. ದೀಪಕ್ಕೂ ಒಬ್ಬರು ಮುಖ ಸಿಂಡರಿಸಿದರು. ಬಣ್ಣಗಳನ್ನೂ ಪಾಲು ಮಾಡಿಕೊಂಡು ಮುಗಿಸಿದ ಊರು ನಮ್ಮದು. ಕೊನೆಗೆ ಉಳಿದದ್ದು ಬರೀ ಕಪ್ಪು ಗೆರೆ. ಮೂರು ಕೈಗಳು, ಒಂದೊಂದೂ ಪಕ್ಕದ ಕೈಯ ಮಣಿಕಟ್ಟು ಹಿಡಿದು ತ್ರಿಕೋನವಾಗಬೇಕು. ಯಾರೂ ಮೇಲಲ್ಲ, ಯಾರೂ ಕೆಳಗಲ್ಲ.

ಕಲ್ಪನೆಯಿಂದ ಬರೆದ ಕೈಗಳು ರಬ್ಬರ್ ಗ್ಲೌಸಿನಂತೆ ಕಂಡವು. ನಿಜವಾದ ಕೈಗಳೇ ಬೇಕೆಂದು ಹಟ ಹಿಡಿದು ಗೆಳೆಯನನ್ನೂ, ಪಕ್ಕದ ಮನೆಯ ಕೊಂಕಣಿ ಕ್ರಿಶ್ಚಿಯನ್ ಮಾಸ್ಟ್ರನ್ನೂ ಕರೆದೆ. ನನ್ನ ಮಣಿಕಟ್ಟಿನ ದಾರ ಬಿಚ್ಚಿದೆ, ಮಾಸ್ಟ್ರ ಶಿಲುಬೆಯ ಉಂಗುರ ತೆಗೆಸಿದೆ. ಮೂವರೂ ಒಬ್ಬರನ್ನೊಬ್ಬರು ಹಿಡಿದು ನಿಂತೆವು. ನನ್ನ ಹೆಂಡತಿ ಸ್ಟೂಲ್ ಹತ್ತಿ ಫೋಟೋ ತೆಗೆದಳು. ಅದರ ಮೇಲೆ ಗೆರೆ ಎಳೆದೆ.

ಗೆಳೆಯನ ಕಿರುಬೆರಳು ಕಟಿಂಗ್ ಮೆಷಿನ್‌ಗೆ ಸಿಕ್ಕಿ ಅರ್ಧವಾಗಿತ್ತು. "ಅದನ್ನು ಪೂರ್ತಿ ಮಾಡಿಬಿಡು ಮಾರಾಯ, ಫ್ರೀಯಾಗಿ ಒಂದು ಬೆರಳು ಸಿಕ್ಕಿದ ಹಾಗೆ ಆಗ್ತದೆ" ಎಂದು ನಕ್ಕ. ನಾನು ಮಾಡಲಿಲ್ಲ. ದುಡಿದ ಕೈ ಇದ್ದ ಹಾಗೇ ಕಾಣಲಿ ಎಂಬ ಜಂಬ ನನಗೆ. ತಪ್ಪಿದ್ದು ಅಲ್ಲೇ.

ಲಾಂಛನದ ಬೋರ್ಡು ಏರಿ ಎರಡು ತಿಂಗಳಾಗಿರಲಿಲ್ಲ, ಮತ್ತೊಂದು ಹೆಣ ಬಿತ್ತು. ಮರುದಿನ ಮಧ್ಯಾಹ್ನ ಗೆಳೆಯ ಅಂಗಡಿಗೆ ಬಂದ. ಕೂರಲಿಲ್ಲ.

"ನನ್ನ ಕೈ ತೆಗಿ ಮಾರಾಯ."

"ಎಂತ ಆಯ್ತು?"

"ಆ ಬೆರಳು ಯಾರದ್ದೂಂತ ಬೈಕಂಪಾಡಿಗೆಲ್ಲ ಗೊತ್ತುಂಟು. ಅವರ ಕೈ ಯಾಕೆ ಹಿಡಿದಿದ್ದಿ ಅಂತ ನಮ್ಮವರು ಕೇಳ್ತಾರೆ. ನಿಮ್ಮವರು ಶಾಪಿನ ಎದುರು ಬೈಕ್ ನಿಲ್ಲಿಸಿ ನನ್ನ ಕೈಯನ್ನೇ ನೋಡ್ತಾರೆ. ನನಗೆ ಮಕ್ಕಳುಂಟು."

"ಬೆರಳು ಪೂರ್ತಿ ಮಾಡ್ತೇನೆ. ಯಾರಿಗೂ ಗುರುತು ಸಿಗುವುದಿಲ್ಲ."

"ಬೇಡ. ತೆಗಿ."

ಇಷ್ಟು ವರ್ಷಗಳಲ್ಲಿ ಅವನ ಬಾಯಲ್ಲಿ 'ನಿಮ್ಮವರು' ಎಂಬ ಮಾತು ಕೇಳಿದ್ದು ಅದೇ ಮೊದಲು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಹೇಳಿದ್ದು ಸರಿಯೇ ಆಗಿತ್ತು. ಅವನೆದುರೇ ಅಳಿಸಿದೆ. ಕಂಪ್ಯೂಟರಿನಲ್ಲಿ ಅದು ಎರಡು ನಿಮಿಷದ ಕೆಲಸ. ಪರದೆಯಿಂದ ಪೂರ್ತಿ ಹೋಗುವವರೆಗೆ ನೋಡಿ, "ಥ್ಯಾಂಕ್ಸ್" ಎಂದು ಹೊರಟ. ನಮ್ಮೊಳಗೆ ಆ ಶಬ್ದದ ಬಳಕೆಯೇ ಇರಲಿಲ್ಲ.

ಉಳಿದ ಎರಡು ಕೈಗಳನ್ನು ತಿರುಗಿಸಿ ಜೋಡಿಸಿ ಸಮಿತಿಗೆ ಒಯ್ದೆ. ಮೂರನೆಯದು ಎಲ್ಲಿ ಎಂದು ಯಾರಾದರೂ ಕೇಳಲಿ, ನನಗೆ ಬೈಯಲಿ ಎಂದು ಕಾದೆ. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, "ಈಗ ಚಂದ ಉಂಟು. ಮೊದಲಿನದ್ದು ಸ್ವಲ್ಪ ರಶ್ ಇತ್ತು" ಎಂದರು. ಎಲ್ಲರೂ ಹೌದೆಂದರು. ಸಮಿತಿಯಲ್ಲೇ ಕೂತಿದ್ದ ಮಾಸ್ಟ್ರು ನೆಲ ನೋಡುತ್ತಿದ್ದರು. ನಾನು ಹೋಗಿ ಆ ಎರಡು ಕೈಗಳನ್ನೇ ಪ್ರಿಂಟ್ ಹಾಕಿದೆ.